ಕೇರಿ ದಾಟಬಾರದ ಡಂಗುರ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರಕ್ಕೆ ಹೊರಗಿನವರು ಹೋಗುವುದು ಸಾಮಾನ್ಯವಾಗಿ ಒಂದು ಬಂಡೆಯನ್ನು ನೋಡಲು. ನಾನು ಹೋದದ್ದೂ ಅದಕ್ಕೇ. 1892ರಲ್ಲಿ ಬಿ.ಎಲ್. ರೈಸ್ ಅವರು ಇಲ್ಲಿಯೂ, ಹತ್ತಿರದ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿಯೂ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಆಮೇಲೆ ಊರಿನ ಹೆಸರಿಗೆ ಚಕ್ರವರ್ತಿಯ ಹೆಸರೂ ಅಂಟಿಕೊಂಡು ಸುತ್ತಿನವರ ಬಾಯಲ್ಲಿ ಅದೀಗ ಅಶೋಕ ಸಿದ್ದಾಪುರ. ಶೇಂಗಾ ಹೊಲ, ಯಾರೋ ಆಟವಾಡಿ ಬಿಟ್ಟುಹೋದಂತೆ ಪೇರಿಸಿ ನಿಂತ ಗುಂಡುಗಲ್ಲುಗಳು, ಅವುಗಳ ನೆರಳಿಗೆ ಒತ್ತಿಕೊಂಡು ನಿಂತ ಕುರಿಮಂದೆ. ನೋಡಲು ಇಷ್ಟೇ.

ಶಾಸನವೆಂದರೆ ಇಲ್ಲಿ ಒಂದು ಪತ್ರ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಪತ್ರ. ತಂದೆ-ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು ಎಂಬ ಉಪದೇಶವೆಲ್ಲ ಆಮೇಲೆ ಬರುತ್ತದೆ. ಮೊದಲಿಗೆ ಕೇಳುವುದು ಇಸಿಲದವರ ಆರೋಗ್ಯವನ್ನು. ಇಂದಿಗೂ ನಾವು ಕಾಗದ ಬರೆದರೆ ‘ಉಭಯ ಕುಶಲೋಪರಿ’ ಎಂದು ತೊಡಗುವುದಿಲ್ಲವೆ, ಹಾಗೆ. ಕೊನೆಗೆ ಚಪಡನೆಂಬ ಲಿಪಿಕಾರ ತನ್ನ ರುಜು ಹಾಕಿದ್ದಾನೆ. ಪತ್ರವೆಲ್ಲ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ಅವನು ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ. ಈ ನಾಡಿನಲ್ಲಿ ಆಗ ಅದನ್ನು ಓದಬಲ್ಲವರು ಎಷ್ಟು ಜನರಿದ್ದರೋ! ಓದಬಲ್ಲವನು ಎದುರು ನಿಲ್ಲುವ ತನಕ ಯಾವ ಪತ್ರವೂ ಬರಿ ಗೀರು.

ಬಂಡೆ ನೋಡಿ ಚಹಾ ಅಂಗಡಿಗೆ ಬಂದೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರಿಗಾಹಿಯೊಬ್ಬರು ಪಕ್ಕದಲ್ಲಿ ಕೂತಿದ್ದರು. ನಾನು ಪತ್ರಿಕೆಗೆ ವಿಜ್ಞಾನದ ವಿಷಯ ಬರೆಯುವವನೆಂದು ಮಾತಿನ ನಡುವೆ ತಿಳಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲ್ ತೆಗೆದು ಒಂದು ಚೀಟಿಯ ಚಿತ್ರ ತೋರಿಸಿದರು. 2021ರ ಮೇ ತಿಂಗಳ ಚೀಟಿ. ಅದರಲ್ಲಿ ಒಂದೇ ಒಂದು ಔಷಧದ ಹೆಸರು: ಟೊಸಿಲಿಝುಮ್ಯಾಬ್.

“ನಮ್ಮಣ್ಣಂದು ಸಾರ್. ಕೊರೋನದಾಗೆ ಹೋದ. ಸೈಟೋಕೈನ್ ಬಿರುಗಾಳಿ ಎದ್ದೈತೆ, ಈ ಇಂಜೆಕ್ಷನ್ ತರ್ರಿ ಅಂದ್ರು ಡಾಕ್ಟ್ರು. ಕುರಿ ಮಾರಿ ದುಡ್ಡು ಹೊಂದಿಸಿದ್ವಿ. ದುಡ್ಡಿತ್ತು, ಔಷಧಿ ಎಲ್ಲೂ ಸಿಗಲಿಲ್ಲ. ಅದ್ಯಾವ ಗಾಳಿ ಸಾರ್ ಅದು?”

ನಮ್ಮ ಕಡೆ ‘ಗಾಳಿ’ ಎಂದರೆ ಬೇರೆಯೇ ಅರ್ಥವಿದೆ. ಗಾಳಿ ಸೋಕುವುದು, ಗಾಳಿ ಹಿಡಿಯುವುದು, ಗಾಳಿ ಬಿಡಿಸುವುದು. ಅವರು ಆ ಅರ್ಥದಲ್ಲಿ ಕೇಳಲಿಲ್ಲ ಎಂದುಕೊಂಡೆ. ಆದರೆ ಎರಡನೆಯ ಪ್ರಶ್ನೆಗೆ ಎರಡು ಅರ್ಥವಿರಲಿಲ್ಲ: “ಅದು ಸಿಕ್ಕಿದ್ರೆ ಉಳೀತಿದ್ನಾ?”

ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಸಾವಧಾನವಾಗಿ ಹೇಳಬೇಕಾಗಿದ್ದುದು ಇದು.

ಪತ್ರ ಬರೆಯುವ ಕೋಶಗಳು

ನಮ್ಮ ಬಿಳಿ ರಕ್ತಕಣಗಳಲ್ಲಿ ಟಿ-ಕೋಶ ಎಂಬ ಒಂದು ಪಂಗಡವಿದೆ. ‘ಟಿ’ ಎಂದರೆ ಥೈಮಸ್. ಎದೆಮೂಳೆಯ ಹಿಂದೆ, ಹೃದಯದ ಮೇಲ್ಗಡೆ ಇರುವ ಈ ಗ್ರಂಥಿ ಬಾಲ್ಯದಲ್ಲಿ ದೊಡ್ಡದಾಗಿದ್ದು ಹರೆಯ ಕಳೆದಂತೆ ಸೊರಗುತ್ತದೆ. ಇದು ಕೆಲಸಕ್ಕೆ ಬಾರದ ಅಂಗವೆಂದೇ ಬಹುಕಾಲ ವೈದ್ಯರು ತಿಳಿದಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಮರಿಗಳಿಗೆ ಸೋಂಕು ತಡೆಯುವ ಶಕ್ತಿಯೇ ಇಲ್ಲವಾಗಿತ್ತು. ಥೈಮಸ್ ಒಂದು ಗರಡಿಮನೆ. ಅಲ್ಲಿ ತಯಾರಾಗಲು ಬಂದ ಟಿ-ಕೋಶಗಳಲ್ಲಿ ಬಹುಪಾಲು ಪರೀಕ್ಷೆಯಲ್ಲಿ ಸೋತು ಅಲ್ಲೇ ಸಾಯುತ್ತವೆ. ತನ್ನ ಒಡೆಯನ ಮೈಯನ್ನೇ ಶತ್ರುವೆಂದು ತಿಳಿಯುವಂಥವನ್ನು ಆದಷ್ಟು ಅಲ್ಲಿಯೇ ಮುಗಿಸಲಾಗುತ್ತದೆ. ಉಳಿದವು ಹೊರಬಿದ್ದು ರಕ್ತದಲ್ಲೂ ದುಗ್ಧಗ್ರಂಥಿಗಳಲ್ಲೂ ತಿರುಗುತ್ತಿರುತ್ತವೆ.

ಇವುಗಳಲ್ಲಿ ಕೆಲವು ಕೊಲ್ಲುವ ಕೆಲಸದವು. ವೈರಸ್ ಹೊಕ್ಕ ಕೋಶವನ್ನು ನೇರವಾಗಿ ಮುಗಿಸುತ್ತವೆ. ಇನ್ನು ಕೆಲವಕ್ಕೆ ಸಹಾಯಕ ಟಿ-ಕೋಶಗಳೆಂದು ಹೆಸರು. ಹೆಸರು ಸಹಾಯಕನದಾದರೂ ಕೆಲಸ ಅಮಲ್ದಾರನದು. ಸ್ವತಃ ಕೈ ಮಾಡುವುದು ಕಡಿಮೆ, ಆಜ್ಞೆ ಕಳುಹಿಸುವುದು ಹೆಚ್ಚು. ಆ ಆಜ್ಞಾಪತ್ರಗಳೇ ಸೈಟೊಕೈನ್‌ಗಳು.

ಸೈಟೊಕೈನ್ ಎಂದರೆ ಚಿಕ್ಕದೊಂದು ಪ್ರೋಟೀನ್. ಒಂದು ಕೋಶ ಅದನ್ನು ಹೊರಕ್ಕೆ ಬಿಡುತ್ತದೆ. ಇನ್ನೊಂದು ಕೋಶದ ಹೊದಿಕೆಯ ಮೇಲೆ ಅದಕ್ಕೆ ಸರಿಹೊಂದುವ ಗ್ರಾಹಕವಿದ್ದರೆ ಬಂದು ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡೊಡನೆ ಒಳಗೆ ಒಂದರಿಂದ ಒಂದಕ್ಕೆ ಸುದ್ದಿ ದಾಟಿ, ಕೋಶಕೇಂದ್ರದಲ್ಲಿನ ಕೆಲವು ಜೀನ್‌ಗಳು ಎಚ್ಚರವಾಗುತ್ತವೆ, ಕೆಲವು ಮಲಗುತ್ತವೆ. ಗ್ರಾಹಕವಿಲ್ಲದ ಕೋಶಕ್ಕೆ ಅದೇ ಸೈಟೊಕೈನ್ ಚಪಡನ ಖರೋಷ್ಠಿ ಇದ್ದ ಹಾಗೆ, ಇದ್ದರೂ ಇಲ್ಲದ್ದೇ.

ಆದರೆ ಅಶೋಕನ ಪತ್ರಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ. ಬಂಡೆಯ ಬರಹ ಎರಡು ಸಾವಿರ ವರ್ಷ ದಾಟಿ ನಿಂತಿದೆ. ಬಹುಪಾಲು ಸೈಟೊಕೈನ್‌ಗಳ ಆಯುಸ್ಸು ರಕ್ತದಲ್ಲಿ ನಿಮಿಷಗಳ ಲೆಕ್ಕದ್ದು, ಹೆಚ್ಚೆಂದರೆ ಕೆಲವು ಗಂಟೆ. ಅವು ಓಡಾಡುವ ದೂರವೂ ಅಷ್ಟೇ, ಪಕ್ಕದ ಕೋಶ, ಅದರಾಚೆಯ ಕೋಶ. ಆದ್ದರಿಂದ ಪತ್ರಕ್ಕಿಂತ ಡಂಗುರದ ಹೋಲಿಕೆಯೇ ಸರಿ. ತಳವಾರ ಒಂದು ಕೇರಿಯಲ್ಲಿ ನಿಂತು ತಮಟೆ ಬಡಿದು ಕೂಗುತ್ತಾನೆ. ಆ ಕೇರಿಯವರು ಕೇಳಿಸಿಕೊಂಡು ಹೊರಡುತ್ತಾರೆ. ಮುಂದಿನ ಕೇರಿಗೆ ಕೇಳಿಸಬೇಕಾಗಿಲ್ಲ, ಕೇಳಿಸಬಾರದು.

ಈ ಡಂಗುರವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಲಕ್ಷಾಂತರ ಜನರಿದ್ದಾರೆ, ಗೊತ್ತಿಲ್ಲ ಅಷ್ಟೆ. ಕ್ಷಯದ ಅನುಮಾನ ಬಂದಾಗ ಮುಂಗೈಗೆ ಚುಚ್ಚುವ ಮಾಂಟೂ ಪರೀಕ್ಷೆ ನೆನಪಿಸಿಕೊಳ್ಳಿ. ಫ್ರಾನ್ಸಿನ ಚಾರ್ಲ್ಸ್ ಮಾಂಟೂ 1908ರಲ್ಲಿ ರೂಢಿಗೆ ತಂದದ್ದು. ಕ್ಷಯದ ಬ್ಯಾಸಿಲಸ್‌ನಿಂದ ತೆಗೆದ ಪ್ರೋಟೀನನ್ನು ಚರ್ಮದೊಳಕ್ಕೆ ಒಂದು ಹನಿ ಸೇರಿಸುತ್ತಾರೆ, “ಎರಡು ದಿನ ಬಿಟ್ಟು ಬನ್ನಿ” ಎನ್ನುತ್ತಾರೆ. ಈ ಎರಡು ದಿನ ಯಾಕೆ ಎಂದು ನಾನು ಹುಡುಗನಾಗಿದ್ದಾಗ ಕೇಳಿ ಬೈಸಿಕೊಂಡಿದ್ದೆ. ಆ ಬ್ಯಾಸಿಲಸನ್ನು ಹಿಂದೆಂದೋ ಕಂಡು ನೆನಪಿಟ್ಟುಕೊಂಡ ಟಿ-ಕೋಶಗಳು ಮೈಯಲ್ಲೆಲ್ಲೋ ತಿರುಗುತ್ತಿರುತ್ತವೆ. ಅವುಗಳಲ್ಲಿ ಕೆಲವು ಈ ಹನಿಯ ಹತ್ತಿರ ಬರಬೇಕು, ಗುರುತು ಹಿಡಿಯಬೇಕು, ಇಂಟರ್‌ಫೆರಾನ್-ಗಾಮಾ ಮುಂತಾದ ಸೈಟೊಕೈನ್ ಬಿಡಬೇಕು. ಆಗ ರಕ್ತನಾಳ ಸಡಿಲವಾಗಿ ಇನ್ನಷ್ಟು ಕೋಶಗಳು ಬಂದು ಸೇರಿ ಚರ್ಮ ಗಟ್ಟಿಯಾಗಿ ಉಬ್ಬಬೇಕು. ಇಷ್ಟಕ್ಕೆ 48ರಿಂದ 72 ಗಂಟೆ ಹಿಡಿಯುತ್ತದೆ. ಸ್ಕೇಲು ಹಿಡಿದು ದಾದಿ ಅಳೆಯುವ ಆ ಗಂಟು ಟಿ-ಕೋಶಗಳ ಡಂಗುರಕ್ಕೆ ಸೇರಿದ ಜನ. ಗಂಟು ಅಲ್ಲೇ ಎದ್ದು ಅಲ್ಲೇ ಅಡಗುತ್ತದೆ. ಮೈಯೆಲ್ಲ ಉಬ್ಬುವುದಿಲ್ಲ.

ಒಂದು ರೋಗಾಣು, ಎರಡು ರೋಗ

ಈ ರಾಸಾಯನಿಕ ಮಾತುಕತೆ ವಿಜ್ಞಾನಿಗಳ ಕಿವಿಗೆ ಬಿದ್ದದ್ದು ತಡವಾಗಿ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬಿಬ್ಬರು ಕೋಳಿಮೊಟ್ಟೆಯ ಪೊರೆಗೆ ಸತ್ತ ಫ್ಲೂ ವೈರಸ್ ಸೋಕಿಸಿ, ಆ ದ್ರವದಲ್ಲಿ ಇತರ ಕೋಶಗಳಿಗೆ ಎಚ್ಚರಿಕೆ ನೀಡುವ ಯಾವುದೋ ವಸ್ತು ಇದೆಯೆಂದು ಕಂಡರು. ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಆಮೇಲೆ ಒಬ್ಬೊಬ್ಬರು ಒಂದೊಂದು ಹೆಸರಿನಲ್ಲಿ ಅದೇ ಪದಾರ್ಥವನ್ನು ಪುನಃ ಪುನಃ ‘ಕಂಡುಹಿಡಿದು’ ಗೊಂದಲವೆದ್ದಾಗ, 1979ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸೇರಿ, ಬಿಳಿಕಣಗಳ ನಡುವಣ ಸುದ್ದಿಗಾರರಿಗೆಲ್ಲ ಇಂಟರ್‌ಲ್ಯೂಕಿನ್ ಎಂದು ಕರೆದು ನಂಬರು ಹಾಕುವುದೆಂದು ತೀರ್ಮಾನಿಸಿದರು. ಬಸ್ಸಿಗೆ ಹಾಕುವಂತೆ ಒಂದು, ಎರಡು, ಮೂರು. ಈಗ ಆ ನಂಬರು ನಲವತ್ತರ ಹತ್ತಿರಕ್ಕೆ ಬಂದಿದೆ. ಓದುಗರು ಅಷ್ಟನ್ನೂ ನೆನಪಿಡಬೇಕಾಗಿಲ್ಲ, ವೈದ್ಯರೇ ಇಡುವುದಿಲ್ಲ.

ನೆನಪಿಡಬೇಕಾದದ್ದು 1986ರ ಒಂದು ಸಂಗತಿ. ಮಾಸ್ಮನ್ ಮತ್ತು ಕಾಫ್‌ಮನ್ ಎಂಬ ವಿಜ್ಞಾನಿಗಳು ಇಲಿಗಳ ಸಹಾಯಕ ಟಿ-ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವು ಬಿಡುವ ಸೈಟೊಕೈನ್‌ಗಳನ್ನು ಪಟ್ಟಿ ಮಾಡಿದರು. ಕೋಶಗಳು ಎರಡು ಬಣಗಳಾಗಿ ಒಡೆದವು. ಒಂದು ಬಣ ಇಂಟರ್‌ಫೆರಾನ್-ಗಾಮಾ ಬಿಡುತ್ತದೆ. ಅದನ್ನು ಕೇಳಿಸಿಕೊಂಡ ಭಕ್ಷಕ ಕೋಶಗಳು ತಾವು ನುಂಗಿಯೂ ಅರಗಿಸಲಾರದೆ ಇಟ್ಟುಕೊಂಡ ರೋಗಾಣುಗಳನ್ನು ಕೊಲ್ಲುವ ಬಲ ಪಡೆಯುತ್ತವೆ. ಇನ್ನೊಂದು ಬಣ ಇಂಟರ್‌ಲ್ಯೂಕಿನ್-4 ಮುಂತಾದವನ್ನು ಬಿಟ್ಟು, ಪ್ರತಿಕಾಯ ತಯಾರಿಸುವ ಕೋಶಗಳನ್ನು ಹುರಿದುಂಬಿಸುತ್ತದೆ. ಹೊಟ್ಟೆಹುಳು ಮುಂತಾದವಕ್ಕೆ ಇದು ತಕ್ಕ ಮದ್ದು. ಅಲರ್ಜಿಯೂ ಈ ಬಣದ್ದೇ ಕೊಡುಗೆ.

ಯಾವ ಟಿ-ಕೋಶ ಯಾವ ಬಣ ಸೇರಬೇಕು? ಅದನ್ನೂ ನಿರ್ಧರಿಸುವುದು ಸೈಟೊಕೈನ್‌ಗಳೇ. ಎಳೆಯ ಟಿ-ಕೋಶ ಮೊದಲ ಸಲ ಶತ್ರುವನ್ನು ಕಂಡಾಗ ಸುತ್ತ ಇಂಟರ್‌ಲ್ಯೂಕಿನ್-12 ಇದ್ದರೆ ಮೊದಲ ಬಣ, ಇಂಟರ್‌ಲ್ಯೂಕಿನ್-4 ಇದ್ದರೆ ಎರಡನೆಯ ಬಣ. ಬಣ ಸೇರಿದ ಮೇಲೆ ತನ್ನ ಕಡೆಯ ಸೈಟೊಕೈನನ್ನೇ ಹೆಚ್ಚು ಹೆಚ್ಚು ಬಿಟ್ಟು ಎದುರು ಬಣದ ಬಾಯಿ ಮುಚ್ಚಿಸುತ್ತದೆ. ನಮ್ಮ ಗ್ರಾಮಪಂಚಾಯಿತಿ ಚುನಾವಣೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಉಂಟೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕುಷ್ಠರೋಗಿಗಳ ಚರ್ಮದಲ್ಲಿ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡ ಕುಷ್ಠದ ಬ್ಯಾಸಿಲಸ್ ಒಂದೇ. ಅದು ತರುವ ರೋಗ ಮಾತ್ರ ಎರಡು ತುದಿಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಒಂದು ತುದಿಯಲ್ಲಿ ಸ್ಪರ್ಶವಿಲ್ಲದ ಒಂದೆರಡು ಮಚ್ಚೆ, ಚರ್ಮದಲ್ಲಿ ರೋಗಾಣು ಹುಡುಕಿದರೂ ಸಿಗದು. ಇನ್ನೊಂದು ತುದಿಯಲ್ಲಿ ಮುಖ, ಕಿವಿ, ಮೈಯೆಲ್ಲ ಗಂಟು, ರೋಗಾಣುಗಳು ಕೋಟಿಗಟ್ಟಲೆ. 1991ರಲ್ಲಿ ಕ್ಯಾಲಿಫೋರ್ನಿಯದ ರಾಬರ್ಟ್ ಮಾಡ್ಲಿನ್ ಅವರ ತಂಡ ಎರಡೂ ಬಗೆಯವರ ಚರ್ಮದ ಚೂರುಗಳಲ್ಲಿ ಯಾವ ಸೈಟೊಕೈನ್ ತಯಾರಾಗುತ್ತಿದೆ ಎಂದು ನೋಡಿತು. ಮಚ್ಚೆಯವರಲ್ಲಿ ಇಂಟರ್‌ಫೆರಾನ್-ಗಾಮಾ ಮತ್ತು ಇಂಟರ್‌ಲ್ಯೂಕಿನ್-2. ಗಂಟಿನವರಲ್ಲಿ ಇಂಟರ್‌ಲ್ಯೂಕಿನ್-4, 5 ಮತ್ತು 10. ರೋಗಾಣು ಅದೇ, ಆಳಿದ ಬಣ ಬೇರೆ.

ಕುಷ್ಠವನ್ನು ಪೂರ್ವಜನ್ಮದ ಪಾಪವೆಂದು ಊರ ಹೊರಗೆ ಹಾಕಿದ ನಾಡು ನಮ್ಮದು. ಪಾಪದ ಲೆಕ್ಕ ಇಟ್ಟವರಿಗೆ ಈ ಪಟ್ಟಿಯನ್ನು ಓದಿ ಹೇಳಬೇಕೆನ್ನಿಸುತ್ತದೆ. ಹಾಗೆ ನೋಡಿದರೆ ತೊನ್ನು ಹತ್ತಿದವರನ್ನೂ ಜನ ‘ಬಿಳಿಕುಷ್ಠ’ ಎಂದು ದೂರವಿಡುತ್ತಾರೆ. ತೊನ್ನಿನಲ್ಲಿ ರೋಗಾಣುವೇ ಇಲ್ಲ. ದಾರಿತಪ್ಪಿದ ಟಿ-ಕೋಶಗಳು ಬಣ್ಣದ ಕೋಶಗಳ ಮೇಲೆ ಬಿದ್ದಿರುತ್ತವೆ, ಅವನ್ನು ಕರೆತರುವುದರಲ್ಲಿ ಅದೇ ಇಂಟರ್‌ಫೆರಾನ್-ಗಾಮಾದ ಕೈವಾಡವಿದೆ. ಕುಷ್ಠವಾದರೋ ಬಹು ಔಷಧ ಚಿಕಿತ್ಸೆಯಿಂದ ವಾಸಿಯಾಗುತ್ತದೆ, ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ತೊನ್ನು ಅಂಟುವುದೇ ಇಲ್ಲ.

ಕುಷ್ಠದ ಕಥೆಯಲ್ಲಿ ಇನ್ನೊಂದು ತಿರುವು. ಗಂಟಿನ ಬಗೆಯ ಕೆಲವು ರೋಗಿಗಳಿಗೆ ಇದ್ದಕ್ಕಿದ್ದಂತೆ ಜ್ವರ, ಮೈಮೇಲೆ ನೋವಿನ ಕೆಂಪು ಗುಳ್ಳೆ, ನರಗಳ ಉರಿ ಬರುತ್ತದೆ. ಹುಟ್ಟುವ ಮಕ್ಕಳ ಕೈಕಾಲು ಕುಂಠಿಸಿ ಲೋಕದ ಶಾಪ ಹೊತ್ತು 1961ರಲ್ಲಿ ಮಾರುಕಟ್ಟೆಯಿಂದ ಹೋಗಿದ್ದ ಥಾಲಿಡೊಮೈಡ್ ಮಾತ್ರೆಯನ್ನು, ಜೆರೂಸಲೇಮಿನ ಜೇಕಬ್ ಶೆಸ್ಕಿನ್ ಎಂಬ ವೈದ್ಯ 1964ರಲ್ಲಿ, ನಿದ್ದೆಯಾದರೂ ಬರಲಿ ಎಂದು ಅಂಥ ರೋಗಿಗೆ ಕೊಟ್ಟರು. ನಿದ್ದೆಯೊಂದಿಗೆ ಗುಳ್ಳೆಗಳೂ ಇಳಿದವು. ಯಾಕೆ ಎಂದು ತಿಳಿಯಲು ಕಾಲು ಶತಮಾನ ಹಿಡಿಯಿತು. ಟಿ.ಎನ್.ಎಫ್. ಎಂಬ ಸೈಟೊಕೈನನ್ನು ಆ ಮಾತ್ರೆ ತಗ್ಗಿಸುತ್ತದೆ. ರೋಗಿಯನ್ನು ಸುಡುತ್ತಿದ್ದುದು ರೋಗಾಣುವಿಗಿಂತ ಹೆಚ್ಚಾಗಿ ಅದರ ವಿರುದ್ಧ ಹೊರಟ ಸೈನ್ಯದ ಪಂಜು.

ಬೀಗ ಮತ್ತು ಕ್ಷಯ

ಹಾಗಾದರೆ ಪಂಜನ್ನು ಆರಿಸಿಬಿಡಬಹುದಲ್ಲ? ಲಂಡನ್ನಿನ ಫೆಲ್ಡ್‌ಮನ್ ಮತ್ತು ಮೈನಿ 1990ರ ದಶಕದಲ್ಲಿ ಸಂಧಿವಾತದ ರೋಗಿಗಳ ಮೇಲೆ ಅದನ್ನೇ ಪ್ರಯೋಗಿಸಿದರು. ಟಿ.ಎನ್.ಎಫ್.ಗೆ ಬೀಗ ಹಾಕುವ ಪ್ರತಿಕಾಯದ ಚುಚ್ಚುಮದ್ದು. ಬಾಗಿಲು ತಿರುಪಲೂ ಆಗದ ಕೈಗಳು ಮತ್ತೆ ಆಡಿದವು. ಇದು ಸಣ್ಣ ಗೆಲುವಲ್ಲ. ಆದರೆ 2001ರಲ್ಲಿ ಅಮೆರಿಕದಿಂದ ಬಂದ ವರದಿಯೊಂದು ಈ ಔಷಧ ಪಡೆದವರಲ್ಲಿ ಕ್ಷಯ ಹತ್ತಿದ 70 ಮಂದಿಯ ವಿವರ ಕೊಟ್ಟಿತು. ಬಹುಪಾಲು ಔಷಧ ತೊಡಗಿದ ಕೆಲವೇ ವಾರ, ತಿಂಗಳುಗಳಲ್ಲಿ. ಒಳಗೆ ಮಲಗಿದ್ದ ಬ್ಯಾಸಿಲಸ್‌ಗಳ ಸುತ್ತ ಭಕ್ಷಕ ಕೋಶಗಳೂ ಟಿ-ಕೋಶಗಳೂ ಕಟ್ಟಿದ್ದ ಕಾವಲುಗೋಡೆಯ ಗಾರೆ ಈ ಟಿ.ಎನ್.ಎಫ್. ಆಗಿತ್ತು. ಆದ್ದರಿಂದಲೇ ಈಗ ಅಂಥ ಔಷಧ ಕೊಡುವ ಮೊದಲು ಮಲಗಿದ ಕ್ಷಯವಿದೆಯೇ ಎಂದು ನೋಡುವುದು ನಿಯಮ. ನಮ್ಮ ದೇಶದಲ್ಲಂತೂ ಇದನ್ನು ಮರೆಯುವಂತಿಲ್ಲ.

ಇಂಟರ್‌ಫೆರಾನ್-ಗಾಮಾ ಇಲ್ಲದೆ ಹೋದರೆ ಏನಾಗುತ್ತದೆಂಬುದು ತಿಳಿದದ್ದು ಮಕ್ಕಳ ಸಾವಿನಿಂದ. ಮಾಲ್ಟಾ ದ್ವೀಪದ ಬಂಧುಗಳಾದ ಕೆಲವು ಮಕ್ಕಳಿಗೆ, ಮಣ್ಣು-ನೀರಿನಲ್ಲಿ ಎಲ್ಲರಿಗೂ ಸಿಗುವ, ಯಾರಿಗೂ ಏನೂ ಮಾಡದ ಕ್ಷಯದ ದಾಯಾದಿ ರೋಗಾಣುಗಳು ಮೈಯೆಲ್ಲ ಹರಡಿದವು. ಟ್ಯುನೀಷಿಯದ ಮಗುವೊಂದಕ್ಕೆ ಬಿ.ಸಿ.ಜಿ. ಲಸಿಕೆಯೇ ಮಾರಕವಾಯಿತು. 1996ರಲ್ಲಿ ಕಾರಣ ಸಿಕ್ಕಿತು. ಈ ಮಕ್ಕಳಲ್ಲಿ ಇಂಟರ್‌ಫೆರಾನ್-ಗಾಮಾದ ಗ್ರಾಹಕ ಹುಟ್ಟಿನಿಂದಲೇ ಕೆಟ್ಟಿತ್ತು. ಡಂಗುರ ಬಡಿಯುತ್ತಿತ್ತು, ಕೇರಿಗೆ ಕೇರಿಯೇ ಕಿವುಡು.

ಆ ಡಂಗುರವನ್ನು ಅಳೆಯುವ ರಕ್ತಪರೀಕ್ಷೆಯೂ ಈಗ ಇದೆ. ಅದು ಮೊದಲು ಹುಟ್ಟಿದ್ದು ಮನುಷ್ಯರಿಗಲ್ಲ, ದನಗಳಿಗೆ ಎಂದರೆ ಅಮೃತಮಹಲ್ ಕಾವಲುಗಳ ಚಳ್ಳಕೆರೆ ಸೀಮೆಯವರಿಗೆ ಕುತೂಹಲವಾದೀತು. ಆಸ್ಟ್ರೇಲಿಯದ ವಿಜ್ಞಾನಿಗಳು ದನದ ಕ್ಷಯವನ್ನು ಹಿಡಿಯಲು, ಅದರ ರಕ್ತಕ್ಕೆ ಕ್ಷಯದ ಪ್ರೋಟೀನ್ ಬೆರೆಸಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಎಷ್ಟು ಇಂಟರ್‌ಫೆರಾನ್-ಗಾಮಾ ಬಂದಿದೆಯೆಂದು ನೋಡುವ ಉಪಾಯ ಮಾಡಿದರು. ದನಗಳಿಗೆ “ಎರಡು ದಿನ ಬಿಟ್ಟು ಬಾ” ಎಂದರೆ ಬರುತ್ತವೆಯೆ! ಅದೇ ಉಪಾಯ ಆಮೇಲೆ ಮನುಷ್ಯರಿಗೂ ಬಂತು. ಆ ಕಾವಲುಗಳ ಒಂದು ಭಾಗದಲ್ಲಿ, ಕುದಾಪುರದ ಬಳಿ, ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ವಿಜ್ಞಾನದ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ. ಹುಲ್ಲುಗಾವಲು ಕಳೆದುಕೊಂಡ ಕುರಿಗಾಹಿಗಳ ಅಳಲು ಬೇರೊಂದು ಲೇಖನದ ವಸ್ತು.

ಟಿ-ಕೋಶಗಳಿಗೂ ಹಸಿವಿದೆ ಎಂಬುದನ್ನು ಮಾತ್ರ ಇಲ್ಲೇ ಹೇಳಬೇಕು. ಅರೆಹೊಟ್ಟೆಯ ಮೈಯಲ್ಲಿ ಥೈಮಸ್ ಬತ್ತುತ್ತದೆ, ಟಿ-ಕೋಶಗಳ ದನಿ ಅಡಗುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರ ತಂಡ ಜಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಮಂದಿಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ಜೀವಸತ್ವದ ಮಾತ್ರೆ ಕೊಟ್ಟು ನೋಡಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ಶೇ 39ರಷ್ಟು ಇಳಿಯಿತು. ಸೊಸೈಟಿ ಅಂಗಡಿಯ ಅಕ್ಕಿ-ಬೇಳೆ ಇಷ್ಟು ಮಾಡಬಲ್ಲದು ಎಂದು ಲಸಿಕೆ ಕಂಪನಿಗಳವರು ಯಾಕೆ ಹೇಳುತ್ತಾರೆ?

‘ಸಾಕು’ ಎನ್ನುವವರು ಯಾರು?

ಡಂಗುರ ಹೊಡೆಸುವುದು ಸುಲಭ, ನಿಲ್ಲಿಸುವುದು ಕಷ್ಟ. ಬಹಳ ದಿನ ವಿಜ್ಞಾನಿಗಳ ಗಮನವೆಲ್ಲ ಹೊಡೆಸುವುದರ ಕಡೆಗೇ ಇತ್ತು. 1976ರಲ್ಲಿ ಸಿಕ್ಕ, ಆಮೇಲೆ ಇಂಟರ್‌ಲ್ಯೂಕಿನ್-2 ಎನಿಸಿಕೊಂಡ ಸೈಟೊಕೈನ್ ಟಿ-ಕೋಶಗಳನ್ನು ತಟ್ಟೆಯಲ್ಲಿ ಹುಲುಸಾಗಿ ಬೆಳೆಸುತ್ತಿತ್ತು. ಟಿ-ಕೋಶಗಳ ಗೊಬ್ಬರ ಇದೇ ಎಂದು ಎಲ್ಲರೂ ನಂಬಿದರು. 1990ರ ದಶಕದ ಆರಂಭದಲ್ಲಿ ಇಂಟರ್‌ಲ್ಯೂಕಿನ್-2ರ ಜೀನ್ ಇಲ್ಲದ ಇಲಿಗಳನ್ನು ಹುಟ್ಟಿಸಿದಾಗ, ಅವು ನಿತ್ರಾಣವಾಗಿ ಸೋಂಕಿಗೆ ಸಾಯುತ್ತವೆಂದು ಕಾದರು. ಆದದ್ದು ತಿರುಗುಮುರುಗು. ಟಿ-ಕೋಶಗಳು ಮಿತಿಮೀರಿ ಹೆಚ್ಚಿ, ಇಲಿಗಳ ಕರುಳನ್ನೂ ರಕ್ತವನ್ನೂ ತಾವೇ ಹಾಳುಮಾಡಿದವು.

ಒಗಟು ಬಿಡಿಸಲು ನೆರವಾದವರು ಜಪಾನಿನ ಶಿಮೊನ್ ಸಕಾಗುಚಿ. ಟಿ-ಕೋಶಗಳಲ್ಲೇ ಸಮಾಧಾನ ಮಾಡುವ ಒಂದು ಸಣ್ಣ ಪಂಗಡವಿದೆ, ಅದನ್ನು ತೆಗೆದರೆ ಉಳಿದವು ಮೈಮೇಲೆ ಬೀಳುತ್ತವೆ ಎಂದು ಅವರು 1995ರಲ್ಲಿ ತೋರಿಸಿದರು. ಆ ಪಂಗಡದ ಗುರುತು ಏನೆಂದರೆ, ಅವುಗಳ ಮೈತುಂಬ ಇಂಟರ್‌ಲ್ಯೂಕಿನ್-2ರ ಗ್ರಾಹಕ. ತಾವು ಅದನ್ನು ತಯಾರಿಸಲಾರವು, ಗದ್ದಲ ಮಾಡುವ ಕೋಶಗಳು ಬಿಟ್ಟದ್ದನ್ನೇ ಹೀರಿ ಬದುಕುತ್ತವೆ. ಗದ್ದಲ ಹೆಚ್ಚಿದಷ್ಟೂ ಸಮಾಧಾನಕರ ಸಂಖ್ಯೆಯೂ ಹೆಚ್ಚುವಂತೆ ಏರ್ಪಾಟು! ಅವು ತಮ್ಮ ಪಾಲಿಗೆ ಇಂಟರ್‌ಲ್ಯೂಕಿನ್-10 ಮುಂತಾದ ತಣ್ಣನೆಯ ಸೈಟೊಕೈನ್‌ಗಳನ್ನು ಬಿಡುತ್ತವೆ. ಈ ಪಂಗಡದ ಮುಖ್ಯ ಜೀನ್‌ ಯಾವುದೆಂದು 2001ರಲ್ಲಿ ಕಂಡುಕೊಟ್ಟ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ ಸಕಾಗುಚಿಯವರಿಗೆ 2025ರ ನೊಬೆಲ್ ಬಂತು.

ಹರಿಯಾಣದ ಹಿಸಾರ್‌ನಲ್ಲಿ ಪಶುವೈದ್ಯ ಓದಿ ಅಮೆರಿಕಕ್ಕೆ ಹೋದ ವಿಜಯ್ ಕುಚ್ರೂ ಅವರ ತಂಡ 2006ರಲ್ಲಿ ಇನ್ನೂ ಸೋಜಿಗದ್ದೊಂದನ್ನು ತೋರಿಸಿತು. ಟಿ.ಜಿ.ಎಫ್.-ಬೀಟಾ ಎಂಬ ಸೈಟೊಕೈನ್ ಒಂದೇ ಇದ್ದರೆ ಎಳೆಯ ಟಿ-ಕೋಶ ಸಮಾಧಾನದ ಪಂಗಡ ಸೇರುತ್ತದೆ. ಅದರ ಜೊತೆಗೆ ಇಂಟರ್‌ಲ್ಯೂಕಿನ್-6 ಸೇರಿದರೆ ಅದೇ ಕೋಶ ಉರಿಯೂತದ ಉಗ್ರ ಪಂಗಡಕ್ಕೆ ಹೋಗುತ್ತದೆ. ಮಾತು ಒಂದೇ, ಪಕ್ಕದಲ್ಲಿ ಇನ್ನಾರು ಕೂಗುತ್ತಿದ್ದಾರೆ ಎಂಬುದರ ಮೇಲೆ ಅರ್ಥ.

ಬಿರುಗಾಳಿ

ಈಗ ಗಾಳಿಯ ಮಾತಿಗೆ ಬರಬಹುದು. ‘ಸೈಟೊಕೈನ್ ಬಿರುಗಾಳಿ’ ಎಂಬ ಮಾತು ವೈದ್ಯಕೀಯ ಬರಹಕ್ಕೆ ಬಂದದ್ದು 1993ರಲ್ಲಿ, ಅಸ್ಥಿಮಜ್ಜೆ ಕಸಿಯಾದವರ ತೊಂದರೆಯೊಂದನ್ನು ವಿವರಿಸುವಾಗ. ಅದರ ಭಯಂಕರ ರೂಪವನ್ನು 2006ರ ಮಾರ್ಚಿಯಲ್ಲಿ ಲಂಡನ್ನಿನ ಆಸ್ಪತ್ರೆಯೊಂದು ಕಂಡಿತು. ಟಿ-ಕೋಶಗಳನ್ನು ನೇರವಾಗಿ ತಟ್ಟಿ ಎಬ್ಬಿಸುವ ಹೊಸ ಪ್ರತಿಕಾಯವೊಂದನ್ನು ಆರೋಗ್ಯವಂತ ಸ್ವಯಂಸೇವಕರು ಆರು ಮಂದಿಗೆ ಕೊಟ್ಟರು. ಸಮಾಧಾನದ ಪಂಗಡ ಹೆಚ್ಚುತ್ತದೆಂಬ ನಿರೀಕ್ಷೆ. ಕೋತಿಗಳಿಗೆ ಏನೂ ಆಗಿರಲಿಲ್ಲ. ಒಂದೂವರೆ ಗಂಟೆಯಲ್ಲಿ ಆರೂ ಮಂದಿ ತಲೆನೋವು, ನಡುಕದಿಂದ ಬಿದ್ದರು. ಮೂತ್ರಪಿಂಡ, ಶ್ವಾಸಕೋಶ ಕೈಕೊಟ್ಟವು. ಊರಿನ ಎಲ್ಲ ಕೇರಿಗಳಲ್ಲಿ ಒಟ್ಟಿಗೇ ತಮಟೆ ಬಡಿದರೆ ಯಾರು ಎತ್ತ ಓಡುವುದು? ರಕ್ತನಾಳಗಳೆಲ್ಲ ಏಕಕಾಲಕ್ಕೆ ಸಡಿಲಗೊಂಡು ರಕ್ತದೊತ್ತಡ ಕುಸಿಯುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆರೂ ಮಂದಿ ಬದುಕಿ ಉಳಿದದ್ದು ಪುಣ್ಯ.

ಕೋವಿಡ್ಡಿನಲ್ಲಿ ಆದದ್ದು ಇಷ್ಟು ದಿಢೀರನೆ ಅಲ್ಲ. ಮೊದಲ ವಾರ ವೈರಸ್ಸಿನದು. ಕೆಲವರಿಗೆ ಎರಡನೆಯ ವಾರದಲ್ಲಿ, ವೈರಸ್ ಇಳಿಮುಖವಾಗುವ ಹೊತ್ತಿಗೆ, ಉಸಿರು ಕಟ್ಟತೊಡಗಿತು. ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಏರಿರುತ್ತಿತ್ತು, ಟಿ-ಕೋಶಗಳ ಸಂಖ್ಯೆ ಇಳಿದಿರುತ್ತಿತ್ತು. ಹಳೆಯ ಬಿರುಗಾಳಿಗಳಿಗೆ ಹೋಲಿಸಿದರೆ ಇದು ಅಷ್ಟು ಜೋರಿನದಲ್ಲ, ಆ ಹೆಸರೇ ತಪ್ಪು ಎಂದು ವಾದಿಸಿದ ತಜ್ಞರೂ ಇದ್ದರು. ಹೆಸರು ಮಾತ್ರ ನಿಂತಿತು, ಸಿದ್ದಾಪುರದ ಚಹಾ ಅಂಗಡಿಯ ತನಕ ಬಂತು.

ಇಂಟರ್‌ಲ್ಯೂಕಿನ್-6ರ ಗ್ರಾಹಕಕ್ಕೆ ಬೀಗ ಹಾಕುವುದೇ ಟೊಸಿಲಿಝುಮ್ಯಾಬ್. ಜಪಾನಿನಲ್ಲಿ ಹುಟ್ಟಿ ಸಂಧಿವಾತಕ್ಕೆ ಬಳಕೆಯಲ್ಲಿದ್ದದ್ದು. 2021ರ ಏಪ್ರಿಲ್-ಮೇ ತಿಂಗಳಲ್ಲಿ ದೇಶದ ತುಂಬ ಜನ ಅದರ ಹಿಂದೆ ಓಡಿದರು. ಅದು ಎಷ್ಟು ಉಪಯೋಗಿ? ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರಲ್ಲಿ, ಆಮ್ಲಜನಕದ ಮೇಲಿದ್ದು ಉರಿಯೂತ ಹೆಚ್ಚಿದ್ದ ರೋಗಿಗಳಲ್ಲಿ, ಈ ಔಷಧ ಸಿಗದ 100 ಮಂದಿಯಲ್ಲಿ 35 ಮಂದಿ ತೀರಿಕೊಂಡರೆ ಸಿಕ್ಕ 100ರಲ್ಲಿ 31 ಮಂದಿ ತೀರಿಕೊಂಡರು. ಅದೇ ಪ್ರಯೋಗ 2020ರ ಜೂನ್‌ನಲ್ಲೇ ಇನ್ನೊಂದು ಔಷಧದ ಬಗ್ಗೆ ಹೇಳಿತ್ತು: ಡೆಕ್ಸಾಮೆಥಾಸೋನ್. ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ, ಕೆಲವೇ ರೂಪಾಯಿಯ ಹಳೆಯ ಸ್ಟೀರಾಯ್ಡ್. ಅದು ಒಂದು ಸೈಟೊಕೈನನ್ನಲ್ಲ, ಹಲವನ್ನು ಒಟ್ಟಿಗೆ ತಗ್ಗಿಸುತ್ತದೆ. ಕೃತಕ ಉಸಿರಾಟದಲ್ಲಿದ್ದವರಲ್ಲಿ ಸಾವನ್ನು ಮೂರನೆಯ ಒಂದರಷ್ಟು, ಬರಿ ಆಮ್ಲಜನಕದ ಮೇಲಿದ್ದವರಲ್ಲಿ ಐದನೆಯ ಒಂದರಷ್ಟು ಕಡಿಮೆ ಮಾಡಿತು. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭವಾಗಲಿಲ್ಲ. ಸಮಯ ಬರುವ ಮೊದಲೇ ಡಂಗುರ ನಿಲ್ಲಿಸಿದರೆ ವೈರಸ್ಸಿಗೇ ಅನುಕೂಲ. ಜ್ವರ ಬಂದೊಡನೆ ಸ್ಟೀರಾಯ್ಡ್ ನುಂಗಿದವರು, ಸಕ್ಕರೆ ಕಾಯಿಲೆಯಿದ್ದೂ ವಾರಗಟ್ಟಲೆ ಪಡೆದವರು ಹಲವರು ಆ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರಕ್ಕೆ ಕಣ್ಣು ಕೊಟ್ಟರು, ಜೀವವನ್ನೂ ಕೊಟ್ಟರು.

ಕುರಿಗಾಹಿಯ ಮೊಬೈಲಿನಲ್ಲಿ ಇನ್ನೊಂದು ಹಾಳೆಯ ಚಿತ್ರವೂ ಇತ್ತು. ಅಣ್ಣನಿಗೆ ದಿನವೂ ಕೊಟ್ಟ ಔಷಧಗಳ ಪಟ್ಟಿ. ಅದರಲ್ಲಿ ಡೆಕ್ಸಾಮೆಥಾಸೋನ್ ಹೆಸರಿತ್ತು. ಬೆರಳಿಟ್ಟು ತೋರಿಸಿದೆ. ಹೆಚ್ಚಿನ ಗುಣವಿರುವ ಔಷಧ ನಿಮ್ಮಣ್ಣನಿಗೆ ಸಿಕ್ಕಿತ್ತು, ನೀವು ತರಲಾಗದ್ದು ನೂರು ಜನರಲ್ಲಿ ನಾಲ್ವರನ್ನು ಹೆಚ್ಚಿಗೆ ಉಳಿಸುವಂಥದ್ದು ಎಂದೆ. ಸಮಾಧಾನವಾಗಲಿ ಎಂದೇ ಹೇಳಿದ್ದು.

ಅವರು ಲೋಟ ಕೆಳಗಿಟ್ಟರು. ಆಚೆ ಗುಂಡಿನ ನೆರಳಿನಲ್ಲಿದ್ದ ಮಂದೆಯ ಕಡೆ ನೋಡಿದರು.

“ನೂರು ಕುರಿಯಾಗೆ ನಾಕು ಅಂದ್ರೆ ಕಮ್ಮಿ ಅಲ್ಲ ಸಾರ್” ಎಂದರು. ಚಹಾದ ದುಡ್ಡು ನನಗೆ ಕೊಡಗೊಡದೆ, ಕಂಬಳಿ ಹೆಗಲಿಗೇರಿಸಿ ಎದ್ದುಹೋದರು.